ಬೆಚ್ಚಗಿನ ಗೋಡೆ

ಗೋಡೆ ಬೆಚ್ಚಗಿದೆ ಎಂದು ಮೊದಲು ಕಂಡುಹಿಡಿದವಳು ಸೂಸೆ. ನಾಲ್ಕು ವರ್ಷದ ಆ ಹುಡುಗಿ ಮಲಗುವ ಅಂಗಿ ತೊಟ್ಟು, ಬೆನ್ನನ್ನು ಗೋಡೆಗೆ ಒತ್ತಿ ನಿಂತು, ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು.

“ಏನೇ ಅದು, ಗೋಡೆಗೆ ಅಂಟ್ಕೊಂಡಿದ್ದೀಯ? ಶೀತ ಆಗತ್ತೆ, ಬಾ ಈ ಕಡೆ.”

“ಅಮ್ಮಾ, ಗೋಡೆಗೆ ಜ್ವರ ಬಂದಿದೆ.”

ರೊಸ್ವಿತಾ ಕೈಯಲ್ಲಿದ್ದ ಒದ್ದೆ ಕಾಲುಚೀಲ ಬದಿಗಿಟ್ಟು ಅಂಗೈ ಚಾಚಿದಳು. ಮಗು ಹೇಳಿದ್ದು ನಿಜವಾಗಿತ್ತು. ಜನವರಿ ತಿಂಗಳಲ್ಲಿ ಆ ಮನೆಯ ಗೋಡೆಗಳ ಮೂಲೆಮೂಲೆಯಲ್ಲೂ ಒಳಗಡೆಯೇ ಹಿಮ ಹೊಳೆಯುತ್ತಿತ್ತು. ಆದರೆ ಮಕ್ಕಳ ಕೋಣೆಯ ಈ ಒಂದು ಗೋಡೆ, ಅದರ ದಪ್ಪ ಓಕ್ ಕಂಬ, ಕಂಬಗಳ ನಡುವೆ ಹುಲ್ಲು ಕಲಸಿ ಮೆತ್ತಿದ ಹಳೆಯ ಮಣ್ಣು, ಎಲ್ಲವೂ ಒಲೆಯಿಂದ ತೆಗೆದು ಸ್ವಲ್ಪ ಹೊತ್ತಾದ ಬ್ರೆಡ್ಡಿನ ಹಾಗೆ ಹದವಾಗಿ ಬಿಸಿಯಾಗಿದ್ದವು. ಎಷ್ಟೋ ದಿನಗಳ ಮೇಲೆ ರೊಸ್ವಿತಾಳಿಗೆ ನಗು ಬಂತು. ಇಡೀ ದಿನ ಬೀಜದ ಕಾರ್ಖಾನೆಯ ಸಿಮೆಂಟು ನೆಲದ ಮೇಲೆ ನಿಂತು ಮೂಲಂಗಿ ಬೀಜ ಆರಿಸಿ ಬಂದವಳ ಪಾದಗಳು ಮರಗಟ್ಟಿದ್ದವು. ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಇಟ್ಟಿಗೆಗಳು ತಳ ಕಂಡಿದ್ದವು. ಗಂಡ ಬೆರ್ನ್ಡ್ ಗಾರೆ ಕೆಲಸದವನು. ಊರಿನ ಬಡಗಿಗಳು, ಗಾರೆಯವರು ಎಲ್ಲರನ್ನೂ ಸರಕಾರ ಬರ್ಲಿನ್ನಿಗೆ ಕರೆಸಿಕೊಂಡು ಕಾಂಕ್ರೀಟು ಕಟ್ಟಿಸುತ್ತಿತ್ತು, ಇವನೂ ಅಲ್ಲೇ ಇದ್ದ. ಇಲ್ಲಿ ಅವನ ಹೆಂಡತಿ ಮಕ್ಕಳು ಕೋಟು ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು.

“ಎಕ್ಕಾರ್ಟ್ ಮಾಮ ಹೊಸ ಒಲೆ ಹಾಕ್ಸಿರಬೇಕು ಕಣೆ,” ಎಂದಳು. “ಉರಿಯೋದು ಅವನ ಕಲ್ಲಿದ್ದಲು, ಬಿಸಿ ನಮಗೆ.”

ಗೋಡೆಯ ಆಚೆ ಎಕ್ಕಾರ್ಟನ ಮನೆ. ಹಗ್ಗಗಾರರ ಓಣಿಯ ಮನೆಗಳು, ಸಂತೆಯಿಂದ ಕುಡಿದು ಬರುವ ಗೆಳೆಯರ ಹಾಗೆ, ಇದರ ಹೆಗಲ ಮೇಲೆ ಅದು ಅದರ ಹೆಗಲ ಮೇಲೆ ಇದು ಒರಗಿಕೊಂಡು ನೂರಾರು ವರ್ಷ ನಿಂತಿದ್ದವು. ಇವಳ ಮನೆಗೂ ಎಕ್ಕಾರ್ಟನ ಮನೆಗೂ ನಡುವೆ ಇದ್ದದ್ದು ಆ ಒಂದೇ ಗೋಡೆ.

ಆ ಸಂಜೆಯೇ ಅವಳು ಮಕ್ಕಳ ಮಂಚವನ್ನು ಕಿಟಕಿಯ ಬಳಿಯಿಂದ ಎಳೆದು ಗೋಡೆಗೆ ಒತ್ತಿ ಹಾಕಿದಳು. ತಲೆಗೆ ಬೆಚ್ಚಗಿರಲಿ ಎಂದು ದಿಂಬುಗಳನ್ನೂ ಆ ಕಡೆಗೇ ಇಟ್ಟಳು. ಕಿಟಕಿಯ ಸಂದಿಗೆ ಹಳೆ ಟವೆಲು ತುರುಕಿದಳು. ಯಾರೂ ಹೇಳಿಕೊಟ್ಟದ್ದಲ್ಲ, ತನ್ನ ಕೈಯಾರೆ ಮಾಡಿದ್ದು.

ಮರುದಿನ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಬುಡದಲ್ಲಿ ಮುದುಕ ಪಾಬ್ಸ್ಟ್ ಸಿಕ್ಕ. ಕೆಳಗಿನ ಮನೆ ಅವನದು. ನಾಲಿಗೆ ಸುಮ್ಮನಿರುವ ಗಿರಾಕಿಯಲ್ಲ.

“ಏನ್ ಮೀನಿನ ಮಹಾರಾಣಿ, ಇವತ್ತು ಏನೂ ಸುಟ್ಟ ವಾಸನೆ ಇಲ್ವಾ?”

“ನಿಮ್ಮ ಬಾಯಿ ಒಂದನ್ನ ಬಿಟ್ಟು ಏನೂ ಇಲ್ಲ ಬಿಡಿ,” ಎಂದು ಅವಳು ಇಳಿದು ಹೋದಳು.

ಕಳೆದ ಶರತ್ಕಾಲದಲ್ಲಿ ಪಾಬ್ಸ್ಟನ ಬಾಣಲೆಯಲ್ಲಿ ಹೆರಿಂಗ್ ಮೀನು ಕರಕಲಾಗಿ ಹೊಗೆ ಮೇಲೆ ಬಂದಾಗ ರೊಸ್ವಿತಾ ಗಾಬರಿಯಿಂದ ಅಗ್ನಿಶಾಮಕ ದಳವನ್ನು ಕರೆಸಿದ್ದಳು. ಮೀನಿನ ಹಾಸ್ಯ ಓಣಿಯವರಿಗೆ ಇನ್ನೂ ಹಳಸಿರಲಿಲ್ಲ. ಆದರೆ ಅದರ ಹಿಂದೆ ಒಂದು ಸಿಟ್ಟೂ ಇತ್ತು. ಬೆಂಕಿಯವರ ಬೆನ್ನಿಗೇ ವಸತಿ ಕಚೇರಿಯವನೊಬ್ಬ ಚಾಕು ಹಿಡಿದು ಬಂದಿದ್ದ. ಕಂಬ, ತೊಲೆ ಕಂಡಲ್ಲಿ ಚುಚ್ಚಿ ನೋಡುವುದು ಅವನ ಕೆಲಸ. ಚಾಕು ಹಿಡಿಯವರೆಗೆ ಇಳಿದರೆ ಆ ಮನೆ ಮುಗಿದ ಹಾಗೆ. ಬಾಗಿಲಿಗೆ ಮುದ್ರೆ, ಜನರಿಗೆ ರೈಲು ನಿಲ್ದಾಣದಾಚೆಯ ಕಾಂಕ್ರೀಟು ಪೆಟ್ಟಿಗೆ, ಮನೆಗೆ ಬುಲ್‌ಡೋಜರು. ಓಣಿಯ ತುದಿಯ ಮನೆಗಳು ಹಾಗೇ ಹೋಗಿ ಅಲ್ಲೀಗ ಮುಳ್ಳುಗಿಡ ಬೆಳೆದಿತ್ತು. ಅದಕ್ಕೇ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಇತ್ತು: ಮರದ ಮಾತು ಹೊರಗೆ ಹೋಗಕೂಡದು. ಕಚೇರಿಯವರು ಬರುವ ಸುಳಿವು ಸಿಕ್ಕರೆ ಗಂಡಸರು ಸೇರಿ ಪಾಬ್ಸ್ಟನ ಅಜ್ಜಿಯ ಕಾಲದ ಬೀರುವನ್ನು ಹೊತ್ತು, ಅಟ್ಟದಿಂದ ಅಟ್ಟಕ್ಕೆ ಇದ್ದ ಕಿಂಡಿಬಾಗಿಲಿನಲ್ಲಿ ತೂರಿಸಿ, ಕೊಳೆತ ಕಂಬವಿರುವ ಮನೆಯಲ್ಲಿ ಅದನ್ನು ಕಂಬಕ್ಕೆ ಅಡ್ಡ ಇಡುತ್ತಿದ್ದರು. ಆ ಬೀರು ಓಣಿಯ ಎಲ್ಲ ಮನೆಗಳನ್ನೂ ನೋಡಿಬಂದಿತ್ತು. ಹೆರಿಂಗ್ ದಿನ ಅದು ಕಚೇರಿಯವನಿಗಿಂತ ಒಂದು ಉಸಿರು ಮೊದಲು ಬಂದು ಮುಟ್ಟಿತ್ತು, ಅಷ್ಟೆ.

ಆ ಸಂಜೆ ಡೋರೀನ್ ತಲೆನೋವೆಂದಳು. ಅವಳಿಗೆ ಎಂಟು ವರ್ಷ, ಶಾಲೆಯಲ್ಲಿ ಫ್ಲೂ ಹಬ್ಬಿತ್ತು. ರೊಸ್ವಿತಾ ಹಣೆ ಮುಟ್ಟಿ ನೋಡಿ, ಜೇನು ಹಾಕಿದ ಚಹಾ ಕುಡಿಸಿ, ಬೆಚ್ಚಗೆ ಮಲಗಿದರೆ ಸರಿಹೋಗುತ್ತದೆ ಎಂದು ಗೋಡೆಯ ಪಕ್ಕದ ಜಾಗವನ್ನು ಅವಳಿಗೇ ಕೊಟ್ಟಳು. ಸೂಸೆ ಅತ್ತು ರಂಪ ಮಾಡಿ ಆ ಜಾಗ ವಾಪಸು ಗಿಟ್ಟಿಸಿಕೊಂಡಳು.

ಶನಿವಾರ ಬೆಳಗ್ಗೆ ಶಾಲೆಗೆ ಎಬ್ಬಿಸಿದರೆ ಡೋರೀನ್ ಕಾಲು ನೆಲಕ್ಕಿಟ್ಟವಳೇ ಮತ್ತೆ ಕೂತುಬಿಟ್ಟಳು. “ತಲೆ ಒಳಗೆ ಯಾರೋ ಕುಟ್ತಿದಾರಮ್ಮಾ. ವಾಂತಿ ಬರೋ ಹಾಗಿದೆ.”

“ಸರಿ, ಇವತ್ತು ಶಾಲೆ ಬೇಡ. ಮಲಗಿರು. ನಾನು ಬ್ರೆಡ್ ತಂದುಬಿಡ್ತೀನಿ. ಸೂಸೆ ಎದ್ರೆ ಹಾಲಿದೆ.”

ಸೂಸೆ ಗೋಡೆಗೆ ಮೂಗು ಒತ್ತಿಕೊಂಡು ನಿದ್ದೆ ಹೋಗಿದ್ದಳು. ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಷ್ಟು ಚೆನ್ನಾಗಿ ಮಲಗಿದೆ ಮಗು ಎಂದುಕೊಂಡು ರೊಸ್ವಿತಾ ಹೊದಿಕೆ ಎಳೆದು, ಬಾಗಿಲು ಮುಂದೆ ಮಾಡಿ ಹೊರಟಳು.

ಓಣಿಯಲ್ಲಿ ಉಸಿರು ಮೂಗಿನ ತುದಿಯಲ್ಲೇ ಹೆಪ್ಪುಗಟ್ಟುವಂಥ ಚಳಿ. ಕಂದು ಕಲ್ಲಿದ್ದಲ ಹೊಗೆ ಎಂದಿನಂತೆ ಚಾವಣಿಗಳಿಂದ ಇಳಿದು ಕಲ್ಲುಹಾಸಿನ ಮೇಲೆ ತೆವಳುತ್ತಿತ್ತು. ಆ ವಾಸನೆಯಲ್ಲಿ ಬೇರೆ ಯಾವ ವಾಸನೆ ಬೆರೆತರೂ ಗೊತ್ತಾಗುವಂತಿರಲಿಲ್ಲ. ಎಕ್ಕಾರ್ಟ್ ತನ್ನ ಹೊಸ್ತಿಲ ಮುಂದಿನ ಹಿಮಗಡ್ಡೆಯನ್ನು ಸಲಿಕೆಯಿಂದ ಒಡೆಯುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನು ಒಬ್ಬನೇ.

“ಎಕ್ಕಾರ್ಟ್, ನಿಂಗೆ ಒಂದು ಕೇಕ್ ಬಾಕಿ ಇದೆ ನನ್ ಕಡೆಯಿಂದ.”

“ಯಾಕಪ್ಪಾ, ನನ್ನ ಹುಟ್ಟುಹಬ್ಬ ಜುಲೈನಲ್ಲಿ.”

“ನಿನ್ನ ಹೊಸ ಒಲೆಗೆ ಮಾರಾಯ! ನನ್ನ ಮಕ್ಕಳು ಎರಡು ರಾತ್ರಿಯಿಂದ ಗೋಡೆ ಬಿಟ್ಟು ಏಳ್ತಿಲ್ಲ. ಯಾರ ಕೈಕಾಲು ಹಿಡಿದು ತಂದೆ ಅದನ್ನ?”

ಎಕ್ಕಾರ್ಟ್ ಸಲಿಕೆಗೆ ಗಲ್ಲ ಊರಿ ನಕ್ಕ. “ಯಾವ ಒಲೆ? ನಾನು ಇರೋದು ಹಿಂದುಗಡೆ ಅಡುಗೆಮನೇಲಿ. ಆ ಕಡೆ ಕೋಣೆ ಹಿಲ್ಡಾ ಹೋದಾಗಿಂದ ಬೀಗ. ಅಲ್ಲಿ ಒಲೆ ಇರಲಿ, ಒಂದು ಮೇಣದಬತ್ತೀನೂ ಇಲ್ಲ. ಅಲ್ಲಿರೋದು ನೀರಿನ ಪೈ...”

ಮಾತು ಅಲ್ಲೇ ನಿಂತಿತು. ನಗು ಮಾತ್ರ ಮುಖದ ಮೇಲೆ ಮರೆತುಹೋದ ಹಾಗೆ ಇನ್ನೂ ಸ್ವಲ್ಪ ಹೊತ್ತು ಇತ್ತು.

“ನೀರಿನ ಪೈಪಿಗೆ ಏನ್ ಮಾಡ್ದೆ?” ಎಂದಳು ರೊಸ್ವಿತಾ. ಅವಳ ದನಿ ಅವಳಿಗೇ ಬೇರೆಯವರದ್ದರ ಹಾಗೆ ಕೇಳಿಸಿತು.

“ಕಟ್ಟಿಕೊಂಡಿತ್ತು ಕಣೆ. ಬುಧವಾರ. ಪೂರ್ತಿ ಮಂಜುಗಡ್ಡೆ. ಬ್ಲೋಲ್ಯಾಂಪ್ ಹಚ್ಚಿ ಅದರ ಉರಿ ಹಿಡಿದೆ, ಎಲ್ಲರೂ ಹಿಡೀತಾರೆ. ಪಕ್ಕದ ತೊಲೆ ಒಂಚೂರು ಕಪ್ಪಾಯ್ತು, ಅಷ್ಟೆ. ಒಂದು ಬಕೆಟ್ ನೀರು ಹುಯ್ದೆ. ಚುಯ್ ಅಂತು, ಆರಿಹೋಯ್ತು. ಮುಟ್ಟಿ ನೋಡ್ದೆ ನಾನು. ಆರಿತ್ತು!”

“ಹೊರಗಡೆ ಆರಿತ್ತು,” ಎಂದಳು ರೊಸ್ವಿತಾ.

ಆ ಓಣಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಯ ಮಣ್ಣಿನೊಳಗೆ ಹುಲ್ಲಿದೆ, ಹುಲ್ಲಿನೊಳಗೆ ಗಾಳಿಯಿದೆ. ಒಂದು ಕಿಡಿ ಒಳಹೊಕ್ಕರೆ ಅದು ಉರಿಯುವುದಿಲ್ಲ, ಜ್ವಾಲೆ ತೋರಿಸುವುದಿಲ್ಲ. ಹುಳು ಮರ ತಿನ್ನುವ ಹಾಗೆ ಕತ್ತಲಲ್ಲಿ ಮೆಲ್ಲಗೆ ತಿನ್ನುತ್ತ, ತೊಲೆಯಿಂದ ತೊಲೆಗೆ, ಮನೆಯಿಂದ ಮನೆಗೆ ದಿನಗಟ್ಟಲೆ ನಡೆಯುತ್ತದೆ. ಕಣ್ಣಿಗೆ ಕಾಣದ ಅದರ ವಿಷದ ಹೊಗೆ ಹೊರಬರುವುದು ಎಲ್ಲಿ ಸಂದಿಯಿದೆಯೋ ಅಲ್ಲಿ. ಮಕ್ಕಳ ಕೋಣೆಯ ನೆಲದ ಹಲಗೆಗಳ ಸಂದಿಯಲ್ಲಿ. ದಿಂಬಿನ ಪಕ್ಕದಲ್ಲಿ.

ತಲೆ ಒಳಗೆ ಯಾರೋ ಕುಟ್ತಿದಾರಮ್ಮಾ.

ಅವಳು ಓಡಿದಳು. ಬ್ರೆಡ್ಡಿನ ಚೀಲ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಕಡಿದಾದ ಮೆಟ್ಟಿಲುಗಳನ್ನು ಕೈ ಊರಿ, ನಾಲ್ಕು ಕಾಲಿನ ಪ್ರಾಣಿಯ ಹಾಗೆ ಹತ್ತಿದಳು. ಕೋಣೆಯ ಬಾಗಿಲು ತೆಗೆದರೆ ಎಲ್ಲ ಹಾಗೇ ಇತ್ತು. ಹೊಗೆಯಿಲ್ಲ, ಸದ್ದಿಲ್ಲ. ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ. ಬಿಸಿಲಿನ ಒಂದು ಪಟ್ಟಿ, ಕುರ್ಚಿಯ ಮೇಲೆ ಡೋರೀನಳ ಶಾಲೆಯ ಚೀಲ, ಹಿತವಾದ ಬೆಚ್ಚನೆ. ಗೋಡೆ ಮಾತ್ರ ಮೊನ್ನೆ ಬಿಳಿಯಾಗಿದ್ದದ್ದು ಈಗ ತೊಲೆಯ ಅಂಚಿನುದ್ದಕ್ಕೂ ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು. ಬೆಳಗ್ಗೆ ಅವಸರದಲ್ಲಿ ಅವಳು ನೋಡಿರಲಿಲ್ಲ, ಅಥವಾ ನೋಡಿಯೂ ನೋಡಿರಲಿಲ್ಲ.

“ಏಳಿ! ಡೋರೀನ್, ಏಳು! ಸೂಸೆ!”

ಡೋರೀನ್ ಕಣ್ಣು ಬಿಟ್ಟು ತಾಯಿಯನ್ನು ಗುರುತಿಸದವಳಂತೆ ನೋಡಿದಳು. ಸೂಸೆ ಕಣ್ಣನ್ನೇ ಬಿಡಲಿಲ್ಲ. ಎತ್ತಿದರೆ ಕತ್ತು ಒದ್ದೆ ಬಟ್ಟೆಯ ಹಾಗೆ ಹಿಂದಕ್ಕೆ ಬಿತ್ತು. ಆ ಗುಲಾಬಿ ಕೆನ್ನೆಗಳು! ಎಷ್ಟು ಚೆನ್ನಾಗಿ ಮಲಗಿದೆ ಎಂದುಕೊಂಡಿದ್ದಳಲ್ಲ! ರೊಸ್ವಿತಾ ಸೂಸೆಯನ್ನು ಹೆಗಲಿಗೆ ಹಾಕಿಕೊಂಡು, ಡೋರೀನಳ ರಟ್ಟೆ ಹಿಡಿದು ಎಳೆದಳು. ಮೆಟ್ಟಿಲ ನಡುವೆ ಡೋರೀನಳ ಕಾಲುಗಳು ಕುಸಿದವು.

ಕೆಳಗೆ ಪಾಬ್ಸ್ಟ್ ಬಾಗಿಲು ತೆರೆದ. “ಏನಮ್ಮಾ, ಮತ್ತೆ ನನ್ನ ಮೀನು...” ಎಂದವನು ಮಕ್ಕಳನ್ನು ನೋಡಿ ಬಾಯಿ ಮುಚ್ಚಿದ. ಮನೆಯ ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿ ಬಂದು, ಎಂದೂ ಬಗ್ಗದ ಸೊಂಟ ಬಗ್ಗಿಸಿ ಡೋರೀನಳನ್ನು ಎತ್ತಿಕೊಂಡ.

ಎದುರಿಗೇ ಹೆಡ್ಡಾಳ ಬೇಕರಿ, ಅವಳ ಮನೆ ಮಾತ್ರ ಇವರದೇ ಸಾಲಿನಲ್ಲಿ. ಓಣಿಗೆಲ್ಲ ಫೋನು ಇದ್ದದ್ದು ಅಲ್ಲೊಂದೇ ಕಡೆ. ಬ್ರೆಡ್ಡಿಗೆ ಸಾಲುಗಟ್ಟಿದ್ದವರು ಸರಿದು ದಾರಿ ಬಿಟ್ಟರು. ಮಕ್ಕಳನ್ನು ಹಿಟ್ಟಿನ ಚೀಲಗಳ ಮೇಲೆ ಮಲಗಿಸಿ ಹೆಡ್ಡಾ ಬಾಗಿಲನ್ನು ಗಾಳಿಗೆ ತೆರೆದಿಟ್ಟಳು. ಡೋರೀನ್ ಹಿಟ್ಟಿನ ಮೇಲೆಯೇ ವಾಂತಿ ಮಾಡಿಕೊಂಡು ಅಳತೊಡಗಿದಳು. ಅಳು ಕೇಳಿ ರೊಸ್ವಿತಾಳಿಗೆ ಸ್ವಲ್ಪ ಜೀವ ಬಂತು. ಸೂಸೆ ಅಳಲಿಲ್ಲ. ಉಸಿರು ಇತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ರೊಸ್ವಿತಾ ತನ್ನ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತಿತ್ತು.

“ಫೋನ್ ಕೊಡು ಹೆಡ್ಡಾ.”

ಹೆಡ್ಡಾ ಫೋನಿನ ಮೇಲೆ ಕೈಯಿಟ್ಟಳು, ಆದರೆ ಎತ್ತಲಿಲ್ಲ. “ಎಲ್ಲಿಗೆ ಮಾಡ್ತೀಯ?”

“ಎಲ್ಲಿಗೆ ಅಂದ್ರೆ? ಮಗು ನೋಡು!”

ಎಕ್ಕಾರ್ಟ್ ಅಷ್ಟರಲ್ಲಿ ಒಳಗೆ ಬಂದಿದ್ದ. ಕೈಯಲ್ಲಿ ಕೊಡಲಿ, ಮುಖ ಹಿಟ್ಟಿಗಿಂತ ಬಿಳುಪು. “ಆಂಬುಲೆನ್ಸ್ ಕರಿ ರೊಸ್ವಿತಾ, ಈಗಲೇ ಕರಿ. ಆದ್ರೆ ಫ್ಲೂ ಅಂತ ಹೇಳು. ಊರೆಲ್ಲ ಫ್ಲೂ ಇದೆ, ನಂಬ್ತಾರೆ. ಗೋಡೆ ನಾವು ನೋಡ್ಕೋತೀವಿ. ನಾನು, ಪಾಬ್ಸ್ಟ್, ಇವರೆಲ್ಲ ಸೇರಿ ಒಡೆದು ನೀರು ಹುಯ್ತೀವಿ. ಸಂಜೆಯೊಳಗೆ ಮಣ್ಣು ಮೆತ್ತಿಬಿಡ್ತೀವಿ. ನಿಂಗೆ ಕೈ ಮುಗೀತೀನಿ.”

“ಒಡೆದ್ರೆ ಗಾಳಿ ನುಗ್ಗತ್ತೆ ಕಣಯ್ಯಾ,” ಎಂದ ಪಾಬ್ಸ್ಟ್. “ಭುಗ್ ಅಂತ ಎದ್ರೆ ಯಾವ ಬಕೆಟ್ ಸಾಕಾಗತ್ತೆ?”

“ಹಾಗಾದ್ರೆ ಅವರನ್ನ ಕರೆಸಿ, ಆ ಚಾಕುವಿನವನನ್ನ ಕರೆಸಿ! ಇಡೀ ಸಾಲು ಹೋಗತ್ತೆ. ನಿಮ್ಮದೂ, ಹೆಡ್ಡಾದೂ, ಎಲ್ಲರದೂ!”

ಬ್ರೆಡ್ಡಿಗೆ ನಿಂತವರಲ್ಲಿ ಯಾರೂ ಉಸಿರೆತ್ತಲಿಲ್ಲ. ಎಲ್ಲರೂ ಅದೇ ಸಾಲಿನವರು. ಆ ಮೌನ ಯಾವ ಕಡೆಗಿದೆ ಎಂದು ರೊಸ್ವಿತಾಳಿಗೆ ಗೊತ್ತಿತ್ತು. ನಿನ್ನೆಯವರೆಗೆ ಅವಳೂ ಅದೇ ಕಡೆಯವಳು. ಬೀರು ಸಾಗಿಸುವಾಗ ಅಟ್ಟದಲ್ಲಿ ದೀಪ ಹಿಡಿದವಳು ಅವಳೇ.

ಅವಳು ಹೆಡ್ಡಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ಕಿತ್ತುಕೊಂಡಳು. ಆಂಬುಲೆನ್ಸಿಗೂ ಬೆಂಕಿಗೂ ಆ ಊರಿನಲ್ಲಿ ಒಂದೇ ಕಡೆ ಗಂಟೆ ಬಾರಿಸುತ್ತಿತ್ತು. ಎತ್ತಿದವನು ದಳದ ಮುಖ್ಯಸ್ಥ ರೂಡಿಗರ್.

“ನಾನು ರೊಸ್ವಿತಾ. ಹಗ್ಗಗಾರರ ಓಣಿ.”

ಆ ಕಡೆ ನಗು ಕೇಳಿಸಿತು. “ಏನಮ್ಮಾ, ಇವತ್ತು ಯಾವ ಮೀನು? ನಿಂಬೆಹಣ್ಣು ಕೇಳಬೇಡ, ಅಂಗಡೀಲಿ ಸಿಗ್ತಿಲ್ಲ.”

“ರೂಡಿಗರ್, ಮಗು ಏಳ್ತಾ ಇಲ್ಲ.”

ನಗು ಕತ್ತರಿಸಿ ಬಿತ್ತು. “ಯಾವುದು, ಚಿಕ್ಕದಾ? ಏನಾಯ್ತು? ಬಿದ್ದಳಾ? ಏನಾದ್ರೂ ನುಂಗಿದಳಾ? ಜ್ವರಾನಾ? ಹೇಳು, ಡಾಕ್ಟರಿಗೆ ಏನು ಅಂತ ಹೇಳ್ಲಿ?”

ಎದುರಿಗೆ ಎಕ್ಕಾರ್ಟ್ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ. ಜ್ವರ. ಜ್ವರ ಅನ್ನು. ಎಷ್ಟು ಸಣ್ಣ ಮಾತು. ಅಂದರೆ ಗಾಡಿ ಬರುತ್ತದೆ, ಮಗುವನ್ನು ಒಯ್ಯುತ್ತದೆ, ಬೆಚ್ಚಗೆ ಕಂಬಳಿ ಹೊದಿಸಿ ಜ್ವರದ ಔಷಧಿ ಕುಡಿಸುತ್ತಾರೆ. ಕುಡಿಸುತ್ತಿರುವಾಗಲೇ ಉಸಿರುಗಳ ನಡುವಿನ ಆ ಸಂದು ಅಗಲವಾಗುತ್ತ ಹೋಗುತ್ತದೆ.

“ಹೊಗೆ ಕುಡಿದಿದಾಳೆ,” ಎಂದಳು ರೊಸ್ವಿತಾ ಗಟ್ಟಿಯಾಗಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. “ಗೋಡೆ ಒಳಗೆ ಬೆಂಕಿ ಇದೆ. ಬುಧವಾರದಿಂದ ಇದೆ. ನಾನೇ ಮಂಚ ಅಲ್ಲಿಗೆ ಎಳೆದು ಹಾಕಿದ್ದೆ. ಬೇಗ ಬಾ.”

ಹೆಡ್ಡಾ ಮುಖ ತಿರುಗಿಸಿ ಖಾಲಿ ಬುಟ್ಟಿಗಳನ್ನು ಜೋಡಿಸತೊಡಗಿದಳು. ಎಕ್ಕಾರ್ಟನ ಕೈಯಿಂದ ಪಾಬ್ಸ್ಟ್ ಕೊಡಲಿ ತೆಗೆದುಕೊಂಡ. ಅವನು ಬಿಟ್ಟುಕೊಟ್ಟ.

ಗಾಡಿಗಳು ಬರುವವರೆಗೆ ರೊಸ್ವಿತಾ ಬಾಗಿಲಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಣ್ಣೆತ್ತಿದರೆ ಎದುರಿಗೆ ಅವಳದೇ ಮನೆ: ಕಪ್ಪು ತೊಲೆಗಳು, ಸೊಟ್ಟ ಕಿಟಕಿಗಳು, ತೊಲೆಯ ಮೇಲೆ ಕೆತ್ತಿದ ಸೂರ್ಯನ ಅರ್ಧಚಕ್ರಗಳು. ಸಾಲಿನುದ್ದಕ್ಕೂ ಮುಂಗೋಡೆಗಳ ಮೇಲೆ ಬಿಳಿ ಮಂಜು ಕೂತಿತ್ತು. ಅವಳ ಮನೆಯೂ ಎಕ್ಕಾರ್ಟನ ಮನೆಯೂ ಸೇರುವಲ್ಲಿ ಮಾತ್ರ ಕೆಳಗಿನಿಂದ ಚಾವಣಿಯವರೆಗೆ ಒಂದು ಒದ್ದೆ ಪಟ್ಟಿ, ಮಂಜಿಲ್ಲದೆ, ಮಿರಮಿರ ಮಿನುಗುತ್ತಿತ್ತು. ಎರಡು ದಿನದಿಂದ ಅದು ಹಾಗೇ ಇದ್ದಿರಬೇಕು. ಓಣಿಯವರೆಲ್ಲ ಅದರ ಕೆಳಗೇ ಓಡಾಡಿದ್ದರು.

ರೂಡಿಗರ್ ಬಂದವನೇ ಮೇಲೆ ಹೋದ. ಕೈಗವಸು ಕಳಚಿ ಗೋಡೆ ಮುಟ್ಟಿರಬೇಕು, ಯಾಕೆಂದರೆ ಕೆಳಗಿಳಿದಾಗ ಅವನ ಒಂದು ಕೈ ಬರಿದಾಗಿತ್ತು. ಅದನ್ನು ಅವನು ಎದೆಗೆ ಒತ್ತಿ ಹಿಡಿದಿದ್ದ. ಹೆರಿಂಗಿನ ಮಾತು ಯಾರೂ ಎತ್ತಲಿಲ್ಲ.

“ಸಾಲಿನವರೆಲ್ಲ ಹೊರಗೆ! ಕಿಟಕಿ ತೆಗೆದಿಟ್ಟು ಹೊರಗೆ ಬನ್ನಿ! ಬರೋಕೆ ಮುಂಚೆ ನಿಮ್ಮ ನಿಮ್ಮ ಗೋಡೆ ಮುಟ್ಟಿ ನೋಡಿ, ಬಿಸಿ ಇದ್ರೆ ಕೂಗಿ!”

ಹೊರಗಿನಿಂದ ಏಣಿ ಹಾಕಿ, ಪೈಪು ಸಿದ್ಧ ಮಾಡಿಕೊಂಡು ಅವರು ಗೋಡೆಯ ಒಂದು ಚೌಕವನ್ನು ಬಿಚ್ಚಿದರು. ಜ್ವಾಲೆ ಏಳಲಿಲ್ಲ. ಹಳದಿ ಹೊಗೆ ಒಂದು ದೊಡ್ಡ ನಿಟ್ಟುಸಿರಿನ ಹಾಗೆ ಹೊರಬಂತು. ಅದು ಸರಿದ ಮೇಲೆ ಓಕ್ ಕಂಬ ಕಾಣಿಸಿತು. ಹೊರಮೈ ಹಾಗೇ ಗಟ್ಟಿ, ಒಳಗೆ ತಿರುಳೆಲ್ಲ ಕೆಂಪು, ಗಾಳಿ ಬಡಿದಂತೆಲ್ಲ ಹೊಳೆದು ಮಂಕಾಗಿ ಮತ್ತೆ ಹೊಳೆಯುವ ಕೆಂಪು. ಡೋರೀನ್ ಒರಗಿಕೊಂಡು ಪುಸ್ತಕ ಓದುತ್ತಿದ್ದದ್ದು ಅದೇ ಕಂಬಕ್ಕೆ.

“ಎರಡು ಮನೆ ನಡುವಿನ ಗೋಡೆ ಪೂರ್ತಿ ತೆಗೀಬೇಕು,” ಎಂದ ರೂಡಿಗರ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು. “ಮಿಕ್ಕ ಸಾಲಿಗೆ ಊರುಗಂಬ ಕೊಡ್ತೀವಿ, ನಿಲ್ಲಬಹುದು. ನಿಮ್ಮದು ನಿಲ್ಲಲ್ಲ. ಆ ಮನೇಲಿ ನೀನಿನ್ನು ಮಲಗಲ್ಲ ಕಣಮ್ಮ.”

ಅವಳು ತಲೆಯಾಡಿಸಿದಳು. ಕೇಳಿಸಿತು, ಆದರೆ ಆ ಮಾತು ಒಳಗೆ ಇಳಿಯಲು ಅಲ್ಲಿ ಜಾಗವಿರಲಿಲ್ಲ. ಡಾಕ್ಟರು ಸೂಸೆಯ ಮುಖಕ್ಕೆ ಆಮ್ಲಜನಕದ ಮುಖವಾಡ ಒತ್ತಿ ಹಿಡಿದಿದ್ದ, ರೊಸ್ವಿತಾಳ ಕಣ್ಣು ಅಲ್ಲೇ ನೆಟ್ಟಿತ್ತು.

ಇಬ್ಬರು ಮಕ್ಕಳನ್ನೂ ಗಾಡಿಗೆ ಹತ್ತಿಸಿದಾಗ ಪಾಬ್ಸ್ಟ್ ಓಡಿಬಂದ. ಹಿಮದಲ್ಲಿ ಮನೆಯ ಚಪ್ಪಲಿ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ಕೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಅವಳಿಗೆ ತೋರಿಸಿದ.

“ರೊಸ್ವಿತಾ, ನನ್ನ ಮಲಗೋ ಕೋಣೆ ಗೋಡೆ ಬಿಸಿ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ ಕಣಮ್ಮ. ಕೈ ಮರಗಟ್ಟಿದೆ. ಒಂದ್ಸಲ ಇದೆ ಅನ್ಸತ್ತೆ, ಒಂದ್ಸಲ ಇಲ್ಲ ಅನ್ಸತ್ತೆ. ಹೆಡ್ಡಾಗೂ ಹಾಗೇ ಅಂತೆ. ನಿಂಗೆ ಹೆಂಗೆ ಗೊತ್ತಾಯ್ತು?”

“ಕೈ ಅಲ್ಲ, ಕೆನ್ನೆ ಇಡಿ,” ಎಂದಳು ಅವಳು. “ಕೆನ್ನೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇರಿ.”

ಬಾಗಿಲು ಮುಚ್ಚಿತು. ಗಾಡಿ ಕಲ್ಲುಹಾಸಿನ ಮೇಲೆ ಕುಲುಕುತ್ತ ಓಣಿಯುದ್ದಕ್ಕೂ ನಿಧಾನವಾಗಿ ಸಾಗಿತು. ತೆರೆದಿಟ್ಟ ಕಿಟಕಿಗಳೊಳಗೆ ರೊಸ್ವಿತಾ ಅವರನ್ನೆಲ್ಲ ಕಂಡಳು. ಒಬ್ಬೊಬ್ಬರೂ ಅವರವರ ಮನೆಯಲ್ಲಿ ಟೋಪಿ ಕಳಚಿ, ಕಣ್ಣು ಮುಚ್ಚಿ, ಗೋಡೆಗೆ ಕೆನ್ನೆಯೊತ್ತಿ ನಿಂತಿದ್ದರು. ಯಾರೂ ಕೂಗುತ್ತಿರಲಿಲ್ಲ. ಬಿಸಿ ಇಲ್ಲವೆಂದೋ, ಇದ್ದರೂ ಹೇಳಲು ಬಾಯಿ ಬರುತ್ತಿಲ್ಲವೆಂದೋ ಹೊರಗಿನಿಂದ ಹೇಳುವಂತಿರಲಿಲ್ಲ. ಗಾಡಿ ಓಣಿಯ ತುದಿಗೆ ಬರುವಾಗ ಚಾಕುವಿನವನ ಸೈಕಲ್ಲು ಅವರನ್ನು ದಾಟಿ ಓಣಿಯೊಳಗೆ ತಿರುಗಿತು.

ಮುಖವಾಡದ ಕೆಳಗೆ ಸೂಸೆಯ ತುಟಿ ಅಲುಗಿತು. ಡಾಕ್ಟರು ಮುಖವಾಡವನ್ನು ಕೊಂಚ ಎತ್ತಿದ. ಕಣ್ಣು ಅರ್ಧ ತೆರೆದಿತ್ತು, ನೋಟ ಇನ್ನೂ ಎಲ್ಲೋ ಇತ್ತು.

“ಅಮ್ಮಾ, ಚಳಿ.”

ರೊಸ್ವಿತಾ ಕಂಬಳಿಗೆ ಕೈ ಹಾಕಿದಳು. ಕೈ ಅರ್ಧದಲ್ಲೇ ನಿಂತಿತು. ಬೆಚ್ಚಗಿರಲಿ ಎಂದು ತಾನು ಮಾಡಿದ್ದು ನೆನಪಾಯಿತು. ಡಾಕ್ಟರ ಮುಖ ನೋಡಿದಳು, ಅವನು ಹೂಂ ಎಂದು ತಲೆಯಾಡಿಸುವವರೆಗೆ ಕಾದಳು. ಆಮೇಲೆ ಕೋಟಿನ ಗುಂಡಿಗಳನ್ನು ಬಿಚ್ಚಿ, ಮಗುವಿನ ತಣ್ಣನೆಯ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

“ಇನ್ನೊಂದ್ಸಲ ಹೇಳು,” ಎಂದಳು. “ಸೂಸೆ, ನಿದ್ದೆ ಮಾಡ್ಬೇಡ. ಚಳಿ ಅಂತ ಇನ್ನೊಂದ್ಸಲ ಹೇಳು.”